ಮೀನಿನ ತೊಟ್ಟಿಗೆ ಯಾವ ಅಂಟು?

ನಮ್ಮ ಕಾಲೇಜಿನಲ್ಲಿ ಮನೆಯಲ್ಲಿ ಮೀನು ಸಾಕುವವರು ಕಡಿಮೆ ಇಲ್ಲ. ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆ, ಯಾವ ಊರಿನ ಗೆಳೆಯರನ್ನು ಕೇಳಿದರೂ ಒಬ್ಬಿಬ್ಬರ ಮನೆಯಲ್ಲಿ ಗಪ್ಪಿ, ಮೊಲಿ, ಗೋಲ್ಡ್‌ಫಿಶ್ ಅಥವಾ ಒಂದು ಫೈಟರ್ ಮೀನು ಇದ್ದೇ ಇರುತ್ತದೆ. ಮೀನಿಗೆ ಕೊಡುವ ದುಡ್ಡಿಗಿಂತ ಫಿಲ್ಟರಿಗೆ ಕೊಡುವ ದುಡ್ಡು ಹೆಚ್ಚು. ಹಾಗಾಗಿ ಡಬ್ಬಿಯ ಫಿಲ್ಟರ್, ಪಿವಿಸಿ ಪೈಪಿನ ಸ್ಪಾಂಜ್ ಫಿಲ್ಟರ್, ಮರಿಗಳನ್ನು ಬೇರೆ ಇಡುವ ಬಾಕ್ಸ್, ತೊಟ್ಟಿಯ ನಡುವೆ ಗಾಜಿನ ಅಡ್ಡಗೋಡೆ ಇಂಥವನ್ನು ನಾವೇ ಮಾಡಿಕೊಳ್ಳುತ್ತೇವೆ. ಕತ್ತರಿಸುವುದು, ತೂತು ಹಾಕುವುದು ಕಷ್ಟವಲ್ಲ. ಕಷ್ಟ ಇರುವುದು ಅಂಟಿನಲ್ಲಿ.

ಅಂಗಡಿಗೆ ಹೋಗಿ ನಾವು ಕೇಳುವುದು ಒಂದೇ ಮಾತು: "ನೀರಿಗೆ ತಡೆಯೋ ಗಮ್ ಕೊಡ್ರಿ." ಅಂಗಡಿಯವರು ನೀರಿಗೆ ತಡೆಯುವುದನ್ನೇ ಕೊಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ನೀರಿಗೆ ತಡೆಯುವ ಅಂಟು ಬೇರೆ, ಮೀನು ತಡೆದುಕೊಳ್ಳುವ ಅಂಟು ಬೇರೆ. ಈ ಲೇಖನ ಆ ಎರಡನೆಯದರ ಬಗ್ಗೆ.

ಮೀನಿಗೆ ಬೇಗ ತಗಲುವುದು ಏಕೆ?

ಅಂಟಿನ ವಾಸನೆ ನಮಗೆ ತಲೆನೋವು ತಂದರೆ ನಾವು ಎದ್ದು ಅಂಗಳಕ್ಕೆ ಹೋಗುತ್ತೇವೆ. ಮೀನಿಗೆ ಅಂಗಳವಿಲ್ಲ. ಅದು ಉಸಿರಾಡುವುದೂ ಆ ನೀರನ್ನೇ. ಕಿವಿರುಗಳಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಬಹಳ ತೆಳುವಾದ ಪೊರೆ. ಆಮ್ಲಜನಕ ಒಳಗೆ ಹೋಗುವ ಅದೇ ದಾರಿಯಲ್ಲಿ ನೀರಿನಲ್ಲಿ ಕರಗಿದ ಬೇರೆ ವಸ್ತುಗಳೂ ಒಳಗೆ ಹೋಗಬಲ್ಲವು.

ಪ್ರಮಾಣದ ಲೆಕ್ಕವನ್ನೂ ನೋಡೋಣ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಎಂದರೆ ಸುಮಾರು 60 × 30 × 30 ಸೆಂ.ಮೀ., ಅಂದರೆ 54 ಲೀಟರ್. ಅಂಟಿನಿಂದ 1 ಗ್ರಾಂ ಕೆಟ್ಟ ವಸ್ತು ನೀರಿಗೆ ಇಳಿಯಿತು ಎಂದುಕೊಳ್ಳಿ. ಈ ತೊಟ್ಟಿಯಲ್ಲಿ ಅದು ಲೀಟರಿಗೆ ಸುಮಾರು 18.5 ಮಿ.ಗ್ರಾಂ. ಆಗುತ್ತದೆ. ಅದೇ 1 ಗ್ರಾಂ 5 ಲೀಟರಿನ ಬೌಲಿಗೆ ಇಳಿದರೆ ಲೀಟರಿಗೆ 200 ಮಿ.ಗ್ರಾಂ. ಅಂಟು ಅದೇ, ಹಚ್ಚಿದ್ದೂ ಅಷ್ಟೇ, ವಿಷ ಮಾತ್ರ ಸುಮಾರು ಹನ್ನೊಂದು ಪಟ್ಟು. ಆದ್ದರಿಂದ "ಸಣ್ಣ ಬೌಲ್ ತಾನೇ, ಏನಾದರೂ ನಡೆಯುತ್ತದೆ" ಎನ್ನುವುದು ತಲೆಕೆಳಗಾದ ಮಾತು. ನೀರು ಕಡಿಮೆ ಇದ್ದಷ್ಟೂ ಎಚ್ಚರಿಕೆ ಹೆಚ್ಚು ಬೇಕು.

ನಮ್ಮ ಬಿಸಿಲೂ ಇದಕ್ಕೆ ಸೇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 8.3 ಮಿ.ಗ್ರಾಂ. ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 35 ಡಿಗ್ರಿಗೆ ಬಂದರೆ ಸುಮಾರು 7 ಮಿ.ಗ್ರಾಂ. ಮಾತ್ರ. ಆಮ್ಲಜನಕ ಕಡಿಮೆಯಾದಾಗ ಮೀನು ಕಿವಿರುಗಳ ಮೂಲಕ ಹೆಚ್ಚು ನೀರು ಹಾಯಿಸುತ್ತದೆ. ನೀರಿನಲ್ಲಿ ಏನಾದರೂ ಬೆರೆತಿದ್ದರೆ ಅದೂ ಹೆಚ್ಚು ಒಳಗೆ ಹೋಗುತ್ತದೆ.

ಯಾವ ಅಂಟಿಗಾದರೂ ಮೂರು ಪ್ರಶ್ನೆ

ಬ್ರ್ಯಾಂಡಿನ ಹೆಸರು ಕಂಠಪಾಠ ಮಾಡುವುದಕ್ಕಿಂತ ಮೂರು ಪ್ರಶ್ನೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

1. ಗಟ್ಟಿಯಾದ ಮೇಲೆ ಉಳಿಯುವುದು ಏನು?
2. ಗಟ್ಟಿಯಾಗುವಾಗ ಹೊರಗೆ ಹೋಗುವುದು ಏನು?
3. ಅಂಟಿನ ಜೊತೆ ಬೇರೆ ಏನನ್ನು ಬೆರೆಸಿದ್ದಾರೆ?

ಹೆಚ್ಚಿನ ಅಂಟುಗಳಲ್ಲಿ ಮೊದಲನೆಯದು ತೊಂದರೆ ಕೊಡುವುದಿಲ್ಲ. ಪೂರ್ತಿ ಗಟ್ಟಿಯಾದ ಸಿಲಿಕೋನ್, ಎಪಾಕ್ಸಿ, ಪಿವಿಸಿ ಇವು ನೀರಿನಲ್ಲಿ ಸುಮ್ಮನೆ ಕೂರುವ ವಸ್ತುಗಳು. ತೊಂದರೆ ಬರುವುದು ಎರಡನೆಯದರಿಂದ ಮತ್ತು ಮೂರನೆಯದರಿಂದ. ಎರಡನೆಯದಕ್ಕೆ ಔಷಧ ತಾಳ್ಮೆ, ಏಕೆಂದರೆ ಹೋಗಬೇಕಾದದ್ದು ಸಮಯ ಕೊಟ್ಟರೆ ಹೋಗುತ್ತದೆ. ಮೂರನೆಯದಕ್ಕೆ ತಾಳ್ಮೆ ಸಾಲದು. ಬೇಕೆಂದೇ ಬೆರೆಸಿದ ವಸ್ತು ಅಲ್ಲೇ ಇದ್ದು ನಿಧಾನವಾಗಿ ನೀರಿಗೆ ಇಳಿಯುತ್ತಲೇ ಇರುತ್ತದೆ. ಅಲ್ಲಿ ಲೇಬಲ್ ಓದುವುದೊಂದೇ ದಾರಿ.

ಸಿಲಿಕೋನ್

ಹಿಂದೆ ಮೀನಿನ ತೊಟ್ಟಿಗಳಿಗೆ ಲೋಹದ ಚೌಕಟ್ಟು ಇರುತ್ತಿತ್ತು, ಗಾಜನ್ನು ಪುಟ್ಟಿಯಿಂದ ಕೂರಿಸುತ್ತಿದ್ದರು. ಚೌಕಟ್ಟಿಲ್ಲದ ಗಾಜಿನ ತೊಟ್ಟಿ ಸಾಧ್ಯವಾದದ್ದು ಸಿಲಿಕೋನ್ ಬಂದ ಮೇಲೆ. ಗಾಜಿಗೂ ಸಿಲಿಕೋನಿಗೂ ಅಷ್ಟು ಒಳ್ಳೆಯ ಹೊಂದಾಣಿಕೆ ಇದೆ.

ಸಿಲಿಕೋನ್ ಗಾಳಿಯಲ್ಲಿರುವ ತೇವಾಂಶವನ್ನು ತೆಗೆದುಕೊಂಡು ಗಟ್ಟಿಯಾಗುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಅಸಿಟಾಕ್ಸಿ. ಇದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದಕ್ಕೇ ವಿನೆಗರ್ ವಾಸನೆ. ವಾಸನೆ ಪೂರ್ತಿ ಹೋಯಿತೆಂದರೆ ಆಮ್ಲವೂ ಬಹುಪಾಲು ಹೋಗಿದೆ ಎಂದರ್ಥ. ನಮ್ಮ ಮೂಗೇ ಒಂದು ಮಾಪಕವಾಗುವುದು ಈ ಬಗೆಯ ಅನುಕೂಲ. ಎರಡನೆಯದು ನ್ಯೂಟ್ರಲ್. ಇದು ಆಕ್ಸೀಮ್ ಅಥವಾ ಆಲ್ಕೋಹಾಲ್ ಜಾತಿಯ ವಸ್ತುವನ್ನು ಬಿಡುತ್ತದೆ, ವಿನೆಗರ್ ವಾಸನೆ ಇರುವುದಿಲ್ಲ. ವಾಸನೆ ಇಲ್ಲ ಎಂದ ಮಾತ್ರಕ್ಕೆ ಸುರಕ್ಷಿತ ಎಂದು ತಿಳಿಯಬಾರದು. ಅಕ್ವೇರಿಯಂಗೆ ಆಗುತ್ತದೆ ಎಂದು ತಯಾರಕರೇ ಬರೆದಿದ್ದರೆ ಮಾತ್ರ ನ್ಯೂಟ್ರಲ್ ತೆಗೆದುಕೊಳ್ಳಿ.

ಇನ್ನು ಮೂರನೆಯ ಪ್ರಶ್ನೆ. ಬಾತ್‌ರೂಮ್, ಅಡುಗೆಮನೆಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕ ಬೆರೆಸಿರುತ್ತಾರೆ. ಟ್ಯೂಬಿನ ಮೇಲೆ "ಆ್ಯಂಟಿ ಫಂಗಲ್", "ಮೋಲ್ಡ್ ರೆಸಿಸ್ಟೆಂಟ್", "ಸ್ಯಾನಿಟರಿ" ಎಂದು ಹೆಮ್ಮೆಯಿಂದ ಬರೆದಿರುತ್ತದೆ. ಗೋಡೆಗೆ ಅದು ಒಳ್ಳೆಯ ಗುಣ, ಮೀನಿಗೆ ಅದೇ ವಿಷ. ನನಗೆ ಗೊತ್ತಿರುವ ಒಬ್ಬ ಹುಡುಗ ಗಪ್ಪಿ ಮರಿಗಳಿಗೆಂದು ಗಾಜಿನ ಬಾಕ್ಸ್ ಮಾಡಿ, ಮನೆ ಕಟ್ಟಿದಾಗ ಉಳಿದಿದ್ದ ಇಂಥ ಟ್ಯೂಬಿನಿಂದ ಅಂಟಿಸಿದ. ಮರುದಿನ ನೀರು ತುಂಬಿ ಮರಿಗಳನ್ನು ಬಿಟ್ಟ. ಅದರ ಮರುದಿನ ಬೆಳಿಗ್ಗೆ ಒಂದೂ ಉಳಿದಿರಲಿಲ್ಲ. ಟ್ಯೂಬಿನ ಹಿಂಬದಿಯಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಅಕ್ವೇರಿಯಂಗೆ ಬಳಸಬಾರದು ಎಂದು ಬರೆದಿತ್ತು. ಆ ಸಾಲನ್ನು ಓದಲು ಅರ್ಧ ನಿಮಿಷ ಸಾಕು.

ಬಣ್ಣ ನೋಡಿ ತೀರ್ಮಾನಿಸಬೇಡಿ. ಪಾರದರ್ಶಕ, ಕಪ್ಪು ಎರಡರಲ್ಲೂ ಅಕ್ವೇರಿಯಂ ಸಿಲಿಕೋನ್ ಇದೆ, ಎರಡರಲ್ಲೂ ಅಲ್ಲದ್ದೂ ಇದೆ.

ಉಳಿದ ಅಂಟುಗಳು

ಸೂಪರ್ ಗ್ಲೂ, ಅಂದರೆ ನಾವು ಫೆವಿಕ್ವಿಕ್ ಎಂದು ಕೇಳುವ ಜಾತಿ. ಇದರ ರಾಸಾಯನಿಕ ಹೆಸರು ಸಯನೋಅಕ್ರಿಲೇಟ್. ಹೆಸರಿನಲ್ಲಿ ಸಯನೈಡಿನ ನೆನಪು ಬಂದರೂ ಗಟ್ಟಿಯಾದ ಮೇಲೆ ಮೀನಿಗೆ ಅಪಾಯವಿಲ್ಲ. ಇದಕ್ಕೂ ತೇವಾಂಶವೇ ಬೇಕು, ನೀರು ತಗಲಿದರೆ ಇನ್ನೂ ಬೇಗ ಹಿಡಿಯುತ್ತದೆ. ಹವಳದ ತುಂಡುಗಳನ್ನೂ ನೀರಿನ ಗಿಡಗಳನ್ನೂ ಕಲ್ಲಿಗೆ ಅಂಟಿಸಲು ಜಗತ್ತಿನಾದ್ಯಂತ ಇದರ ಜೆಲ್ ಬಳಸುತ್ತಾರೆ. ದೋಷವೆಂದರೆ ಇದು ಗಾಜಿನಂತೆ ಪೆಡಸು, ಸಂದು ತುಂಬುವುದಿಲ್ಲ, ನೀರಿನಲ್ಲಿ ಬಹಳ ಕಾಲ ಇದ್ದರೆ ಹಿಡಿತ ಸಡಿಲವಾಗುತ್ತದೆ. ಗಿಡಕ್ಕೆ ಸರಿ, ಭಾರ ಹೊರುವ ಕೀಲಿಗೆ ಬೇಡ.

ಎಪಾಕ್ಸಿ, ಅಂದರೆ ಅರಾಲ್ಡೈಟ್, ಎಂ-ಸೀಲ್ ಜಾತಿ. ಎರಡು ಭಾಗಗಳನ್ನು ಬೆರೆಸಬೇಕು. ಅಳತೆ ತಪ್ಪಿದರೆ ಅಥವಾ ಸರಿಯಾಗಿ ಕಲಸದಿದ್ದರೆ ಕೂಡದೇ ಉಳಿದ ಹಾರ್ಡ್‌ನರ್ ನೀರಿಗೆ ಇಳಿಯುತ್ತದೆ. ಅದು ಮೀನಿಗೆ ಕೆಟ್ಟದ್ದು. ಪುಟ್ಟಿಯಾದರೆ ಎಲ್ಲಿಯೂ ಪಟ್ಟೆ ಕಾಣದಂತೆ ಒಂದೇ ಬಣ್ಣ ಬರುವ ತನಕ ನಾದಬೇಕು, ಚಪಾತಿ ಹಿಟ್ಟಿನ ಹಾಗೆ. ಒಂದು ಗಂಟೆಯಲ್ಲಿ ಕೈಗೆ ಗಟ್ಟಿ ಅನ್ನಿಸಿದರೂ ಒಳಗಿನ ಕೆಲಸ ಮುಗಿದಿರುವುದಿಲ್ಲ. ಕುಡಿಯುವ ನೀರಿಗೆ ಅಥವಾ ಅಕ್ವೇರಿಯಂಗೆ ಆಗುತ್ತದೆ ಎಂದು ಬರೆದ ಎಪಾಕ್ಸಿ ಸಿಕ್ಕರೆ ಅದನ್ನೇ ಆರಿಸಿ.

ಪಿವಿಸಿ ಸಲ್ಯೂಷನ್. ಪ್ಲಂಬರುಗಳ ಸಾಲ್ವೆಂಟ್ ಸಿಮೆಂಟ್. ಇದು ನಿಜವಾಗಿ ಅಂಟಲ್ಲ. ಪೈಪಿನ ಮೇಲ್ಮೈಯನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ದ್ರಾವಕ ಹಾರಿಹೋದ ಮೇಲೆ ಉಳಿಯುವುದು ಪ್ಲಾಸ್ಟಿಕ್. ಮನೆಯ ನೀರಿನ ಪೈಪುಗಳನ್ನು ಕೂಡಿಸುವುದೂ ಇದರಿಂದಲೇ. ಒಂದೆರಡು ದಿನ ಗಾಳಿಗೆ ಬಿಟ್ಟು, ಚೆನ್ನಾಗಿ ನೀರು ಹಾಯಿಸಿ ತೊಳೆದರೆ ಫಿಲ್ಟರಿಗೆ ಬಳಸಬಹುದು. ಪಿವಿಸಿಗೂ ಸಿಪಿವಿಸಿಗೂ ಬೇರೆ ಬೇರೆ ಸಲ್ಯೂಷನ್ ಇದೆ ಎಂಬುದು ನೆನಪಿರಲಿ.

ಗ್ಲೂ ಗನ್ನಿನ ಅಂಟು. ಮೀನಿಗೆ ಹೆಚ್ಚು ತೊಂದರೆ ಮಾಡದು, ಆದರೆ ಗಾಜಿನ ಮೇಲೆ ನೀರೊಳಗೆ ನಿಲ್ಲದು. ಕೆಲವು ದಿನಗಳಲ್ಲಿ ಸಿಪ್ಪೆಯಂತೆ ಏಳುತ್ತದೆ.

ಬಿಳಿ ಫೆವಿಕಾಲ್. ಕಟ್ಟಿಗೆಗೆ, ಕಾಗದಕ್ಕೆ ಮಾಡಿದ್ದು. ನೀರಿನಲ್ಲಿ ಮೆತ್ತಗಾಗುತ್ತದೆ. ಕಟ್ಟಿಗೆಗೆಂದು ಬರುವ ಜಲನಿರೋಧಕ ಬಗೆಗಳೂ ಪೀಠೋಪಕರಣಕ್ಕೆ ಮಾಡಿದವು, ಮೀನಿಗಲ್ಲ.

ಚಪ್ಪಲಿ, ಸೋಫಾಗಳಿಗೆ ಹಚ್ಚುವ ಹಳದಿ ರಬ್ಬರ್ ಅಂಟು. ಇದರಲ್ಲಿ ಟಾಲೀನ್‌ನಂಥ ದ್ರಾವಕಗಳಿರುತ್ತವೆ. ತೊಟ್ಟಿಯ ಹತ್ತಿರವೂ ಬೇಡ.

ಅಕ್ರಿಲಿಕ್ ಹಾಳೆಗೆ ಕ್ಲೋರೋಫಾರ್ಮ್. ನಾಮಫಲಕ ಮಾಡುವವರು ಅಕ್ರಿಲಿಕ್ ಕೂಡಿಸಲು ಇದನ್ನು ಬಳಸುತ್ತಾರೆ. ಒಣಗಿದ ಮೇಲೆ ಕೀಲು ಗಟ್ಟಿ ನಿಜ. ಆದರೆ ಅದರ ಆವಿ ನಮಗೇ ಅಪಾಯ. ಮುಚ್ಚಿದ ಕೋಣೆಯಲ್ಲಿ, ಮನೆಯಲ್ಲಿ ಚಿಕ್ಕಮಕ್ಕಳಿರುವಾಗ ಇದನ್ನು ಮಾಡಲೇಬಾರದು. ಅಕ್ರಿಲಿಕ್ ಬಾಕ್ಸ್ ಬೇಕಿದ್ದರೆ ಆ ಕೆಲಸದವರಿಂದಲೇ ಕೂಡಿಸಿಕೊಂಡು, ವಾಸನೆ ಹೋಗುವ ತನಕ ಹೊರಗಿಡಿ.

ಅಂಟಿಗಿಂತ ಮೊದಲು ವಸ್ತುವನ್ನು ನೋಡಿ

ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯನ್ನು ತಿರುವಿ ತಳ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಮತ್ತು 4 ಎಂದರೆ ಪಾಲಿಥಿಲೀನ್, 5 ಎಂದರೆ ಪಾಲಿಪ್ರೊಪಿಲೀನ್. ನಾವು ಫಿಲ್ಟರಿಗೆ ಬಳಸುವ ಹೆಚ್ಚಿನ ಡಬ್ಬಿಗಳು 5. ಇವುಗಳಿಗೆ ಸಾಮಾನ್ಯ ಅಂಟು ಯಾವುದೂ ನೆಟ್ಟಗೆ ಹಿಡಿಯುವುದಿಲ್ಲ. ಸಿಲಿಕೋನ್ ಹಚ್ಚಿದರೂ ಉಗುರಿನಿಂದ ಎತ್ತಿದರೆ ಬರುತ್ತದೆ. ಅಕ್ರಿಲಿಕ್ಕಿಗೂ ಸಿಲಿಕೋನಿನ ಹಿಡಿತ ಕಡಿಮೆಯೇ.

ಇಂಥ ಡಬ್ಬಿಗೆ ಪೈಪ್ ಕೂಡಿಸಲು ಅಂಟು ಬೇಡ, ಟ್ಯಾಂಕ್ ನಿಪ್ಪಲ್ ಸಾಕು. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಹಾಕುವುದೇ ಇದು. ಡಬ್ಬಿಗೆ ತೂತು ಹಾಕಿ, ರಬ್ಬರ್ ವಾಷರ್ ಇಟ್ಟು, ಎರಡೂ ಕಡೆಯಿಂದ ಬಿಗಿದರೆ ಸೋರುವುದಿಲ್ಲ. ಪ್ಲಾಸ್ಟಿಕ್ಕಿನದನ್ನೇ ಕೊಳ್ಳಿ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ನೀರಿಗೆ ಇಳಿದ ತಾಮ್ರ ಮೀನಿಗೂ ಬಸವನಹುಳುವಿಗೂ ಒಳ್ಳೆಯದಲ್ಲ. ಹಾಗೆಯೇ ಸ್ಪಾಂಜ್ ಫಿಲ್ಟರಿನ ಟೀ, ಎಲ್ಬೋ, ಎಂಡ್ ಕ್ಯಾಪ್‌ಗಳನ್ನು ಒತ್ತಿ ಕೂರಿಸಿದರೆ ಸಾಕು. ನೀರಿನೊಳಗೇ ಇರುವ ಪೈಪಿನಲ್ಲಿ ಒಂದೆರಡು ಹನಿ ಸೋರಿದರೆ ನಷ್ಟವೇನು? ತೊಳೆಯಲು ಬಿಚ್ಚಿಕೊಳ್ಳುವುದೂ ಸುಲಭ. ಅಂಟಿಲ್ಲದೆ ಆಗುವ ಕೆಲಸಕ್ಕೆ ಅಂಟು ಹಚ್ಚದಿರುವುದೇ ಎಲ್ಲಕ್ಕಿಂತ ಸುರಕ್ಷಿತ ಆಯ್ಕೆ.

ಭಾರದ ಲೆಕ್ಕವೂ ಇರಲಿ. ಮೇಲೆ ಹೇಳಿದ 54 ಲೀಟರಿನ ತೊಟ್ಟಿ ತುಂಬಿದಾಗ ಉದ್ದ ಬದಿಯ ಗಾಜನ್ನು ನೀರು ಹೊರಗೆ ತಳ್ಳುವ ಒಟ್ಟು ಬಲ ಸುಮಾರು 27 ಕೆ.ಜಿ. ತೂಕದಷ್ಟು. ಒಳಗಿನ ಅಡ್ಡಗೋಡೆಗೆ ಎರಡೂ ಕಡೆ ಒಂದೇ ಮಟ್ಟದ ನೀರಿದ್ದರೆ ಈ ಭಾರವಿಲ್ಲ. ಆದ್ದರಿಂದ ಮೊದಲ ಪ್ರಯತ್ನಕ್ಕೆ ಅಡ್ಡಗೋಡೆ, ಮರಿ ಬಾಕ್ಸ್ ಒಳ್ಳೆಯವು. ಪೂರ್ತಿ ತೊಟ್ಟಿ ಕಟ್ಟುವುದನ್ನು ಬಲ್ಲವರ ಜೊತೆ ಕೂತು ಕಲಿಯಬೇಕು.

ನಮ್ಮ ಕಲ್ಲುಗಳು

ತೊಟ್ಟಿಯಲ್ಲಿ ಗುಹೆ, ಮೆಟ್ಟಿಲು ಮಾಡಲು ಕಲ್ಲುಗಳನ್ನು ಅಂಟಿಸುವವರಿದ್ದಾರೆ. ಈ ವಿಷಯದಲ್ಲಿ ನಮ್ಮ ಜಿಲ್ಲೆ ಶ್ರೀಮಂತ. ಇಳಕಲ್ಲಿನ ಕೆಂಪು ಗ್ರಾನೈಟ್ ನೀರಿನಲ್ಲಿ ಏನನ್ನೂ ಬಿಡುವುದಿಲ್ಲ, ಸಿಲಿಕೋನೂ ಚೆನ್ನಾಗಿ ಹಿಡಿಯುತ್ತದೆ. ಬಾದಾಮಿಯ ಮರಳುಗಲ್ಲು ಸಾಮಾನ್ಯವಾಗಿ ಪರವಾಗಿಲ್ಲ. ಆದರೆ ರಕ್ಷಿತ ಸ್ಮಾರಕಗಳ ಸುತ್ತಲಿನ ಒಂದು ಚೂರನ್ನೂ ಮುಟ್ಟಬಾರದು. ಕಲಾದಗಿ, ಬಾಗಲಕೋಟೆ ಸುತ್ತಲಿನ ಸುಣ್ಣದ ಕಲ್ಲಿನ ಕತೆ ಬೇರೆ. ಕಲ್ಲಿನ ಮೇಲೆ ನಿಂಬೆರಸ ಅಥವಾ ವಿನೆಗರ್ ಹನಿಸಿ ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು, ಈ ಕಲ್ಲು ಅದನ್ನು ಇನ್ನಷ್ಟು ಗಡಸಾಗಿಸುತ್ತದೆ. ಜೊತೆಗೆ ಅಸಿಟಾಕ್ಸಿ ಸಿಲಿಕೋನ್ ಬಿಡುವ ಆಮ್ಲ ಸುಣ್ಣದ ಮೇಲ್ಮೈಯನ್ನೇ ಕೊರೆಯುವುದರಿಂದ ಹಿಡಿತವೂ ನಿಲ್ಲುವುದಿಲ್ಲ.

ಹಚ್ಚುವ ಕ್ರಮ ಮತ್ತು ಕಾಯುವ ಕ್ರಮ

ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಅಂಚನ್ನು ಬೆರಳಿನಿಂದ ಮುಟ್ಟಬೇಡಿ. ಅಕ್ರಿಲಿಕ್ಕಿಗೆ ಸ್ಪಿರಿಟ್ ಹಾಕಬೇಡಿ, ಸಣ್ಣ ಬಿರುಕುಗಳು ಬರುತ್ತವೆ. ಹಳೆಯ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ, ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ.

ಸಿಲಿಕೋನ್ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ಸಾಮಾನ್ಯ ಹವೆಯಲ್ಲಿ ದಿನಕ್ಕೆ ಸುಮಾರು 2ರಿಂದ 3 ಮಿ.ಮೀ. ಮೇಲೆ ಚರ್ಮ ಕಟ್ಟಿದ್ದರೂ ಒಳಗೆ ಹಸಿಯೇ ಇರುತ್ತದೆ. ಬೇಸಿಗೆಯಲ್ಲಿ ಎಲ್ಲವೂ ಬೇಗ ಒಣಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಸಿಲಿಕೋನಿಗೆ ಬೇಕಾದದ್ದು ತೇವಾಂಶ. ಮಾರ್ಚ್, ಏಪ್ರಿಲ್‌ನ ನಮ್ಮ ಒಣ ಗಾಳಿಯಲ್ಲಿ ಅದು ತಡವಾಗಬಹುದು. ಕೋಣೆಯಲ್ಲಿ ಒಂದು ಬುಟ್ಟಿ ನೀರೋ ಒದ್ದೆ ಬಟ್ಟೆಯೋ ಇಟ್ಟರೆ ಅನುಕೂಲ. ನಾನು ಹೇಳುವುದು ಒಂದು ವಾರ. ವಾರದ ಮೇಲೂ ವಿನೆಗರ್ ವಾಸನೆ ಬಂದರೆ ಇನ್ನೂ ಕಾಯಿರಿ.

ಟ್ಯೂಬಿನ ತಯಾರಿಕೆಯ ತಿಂಗಳನ್ನೂ ನೋಡಿ. ಬಹಳ ಹಳೆಯ ಸಿಲಿಕೋನ್ ಎಷ್ಟು ದಿನ ಬಿಟ್ಟರೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೊದಲು ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಮರುದಿನಕ್ಕೆ ಅದು ರಬ್ಬರಿನಂತೆ ಆಗದಿದ್ದರೆ ಆ ಟ್ಯೂಬನ್ನು ಎಸೆಯಿರಿ.

ಖರ್ಚಿನ ಲೆಕ್ಕ, ಮಾರುವವರ ಹೊಣೆ

"ಅಕ್ವೇರಿಯಂ ಸಿಲಿಕೋನ್ ದುಬಾರಿ" ಎಂಬ ಮಾತಿದೆ. 30 ಸೆಂ.ಮೀ. ಚೌಕದ ಅಡ್ಡಗೋಡೆಗೆ ಮೂರು ಅಂಚು, ಎರಡು ಬದಿ, ಒಟ್ಟು 180 ಸೆಂ.ಮೀ. ಗೆರೆ ಬೇಕು. ಮೂಲೆಯಲ್ಲಿ 6 ಮಿ.ಮೀ. ತ್ರಿಕೋನದಂತೆ ಹಚ್ಚಿದರೆ ಸುಮಾರು 32 ಮಿ.ಲೀ. ಆಗುತ್ತದೆ. 280 ಮಿ.ಲೀ. ಕಾರ್ಟ್ರಿಜ್‌ನಲ್ಲಿ ಇಂಥ ಎಂಟು ಗೋಡೆ. ತೆರೆದ ಕಾರ್ಟ್ರಿಜ್ ಬಹಳ ದಿನ ಉಳಿಯುವುದಿಲ್ಲ, ಒಬ್ಬರೇ ಕೊಂಡರೆ ಹೆಚ್ಚಿನ ಪಾಲು ವ್ಯರ್ಥ. ನಾಲ್ವರು ಸೇರಿ ಕೊಂಡು ಒಂದೇ ಭಾನುವಾರ ಕೆಲಸ ಮುಗಿಸಿದರೆ ತಲಾ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ. ಸತ್ತ ಮೀನು, ಮತ್ತೆ ಮಾಡುವ ಕೆಲಸ, ಇವನ್ನೂ ವೆಚ್ಚದ ಕಡೆ ಬರೆದರೆ ಅಗ್ಗದ ಟ್ಯೂಬು ಅಗ್ಗವಾಗಿ ಉಳಿಯುವುದಿಲ್ಲ.

ಮಾಡಿದ್ದನ್ನು ಗೆಳೆಯರಿಗೆ ಮಾರಲು ಶುರು ಮಾಡಿದವರಿಗೆ ಇನ್ನೊಂದು ಮಾತು. ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ನಾವು ಓದುವ ಗ್ರಾಹಕರ ಹಕ್ಕುಗಳಲ್ಲಿ ಸುರಕ್ಷತೆಯ ಹಕ್ಕು ಮತ್ತು ಮಾಹಿತಿಯ ಹಕ್ಕು ಇವೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಉತ್ಪನ್ನ ಹೊಣೆಗಾರಿಕೆಗೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ದೋಷವಿರುವ ವಸ್ತುವಿನಿಂದ ಕೊಂಡವರಿಗೆ ಹಾನಿಯಾದರೆ ತಯಾರಿಸಿದವರೂ ಮಾರಿದವರೂ ಉತ್ತರ ಹೇಳಬೇಕಾಗುತ್ತದೆ. ಕಾಯ್ದೆ ನಮ್ಮ ಮನೆ ಬಾಗಿಲಿಗೆ ಬರುತ್ತದೆಂದು ಹೆದರಿಸುತ್ತಿಲ್ಲ. ಕೊಂಡವರು ಕೇಳಿದಾಗ ಯಾವ ಅಂಟು ಬಳಸಿದೆ, ಎಂದು ಹಚ್ಚಿದೆ, ಎಷ್ಟು ದಿನ ಬಿಟ್ಟೆ ಎಂದು ಹೇಳಲು ಬರಬೇಕು. ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಟ್ಯೂಬಿನಲ್ಲಿ ಮೋಸ ಕಂಡರೆ ಕೊಂಡ ನಾವು ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಆ ಅಂಟಿನ ಜೊತೆ ದಿನವಿಡೀ ಇರುವುದು ಮೀನು, ಅದಕ್ಕೆ ದೂರು ಕೊಡಲು ಬರುವುದಿಲ್ಲ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಅದು ಹೋಗಿ ತಿನ್ನಲೂ ಬಿಡದ ಹೆಣ್ಣಿನ ವಿಷಯ ಹದೀಸಿನಲ್ಲಿ ಬರುವುದನ್ನು ನಮ್ಮಲ್ಲಿ ಬಹಳ ಜನ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಕೂಡಿಹಾಕಿದ ಮೇಲೆ ಅದರ ಜೀವ ನಮ್ಮ ಕೈಯಲ್ಲಿರುವ ಅಮಾನತ್.

ಮೀನು ಬಿಡುವ ಮೊದಲು

ಗಟ್ಟಿಯಾದ ಉಪಕರಣವನ್ನು ಮೀನಿಲ್ಲದ ಬಕೆಟ್ಟಿನಲ್ಲಿ ಮೂರು ದಿನ ಮುಳುಗಿಸಿಡಿ, ದಿನವೂ ನೀರು ಬದಲಿಸಿ. ಮೂಸಿ ನೋಡಿ, ನೀರಿನ ಮೇಲೆ ಎಣ್ಣೆಯ ಪದರ ಅಥವಾ ನೊರೆ ಇದೆಯೇ ನೋಡಿ. ಇದ್ದರೆ ಅದು ತೊಟ್ಟಿಗೆ ಹೋಗಬಾರದು. ಏನೂ ಕಾಣದಿದ್ದರೆ ಪೂರ್ತಿ ಸುರಕ್ಷಿತ ಎಂದು ಸಾಬೀತಾಗುವುದಿಲ್ಲ, ಏಕೆಂದರೆ ಶಿಲೀಂಧ್ರನಾಶಕ ಕಣ್ಣಿಗೂ ಮೂಗಿಗೂ ಸಿಗದು. ಅದಕ್ಕೇ ಮೊದಲ ಪರೀಕ್ಷೆ ಲೇಬಲ್, ಎರಡನೆಯದು ಬಕೆಟ್.

ಮೀನು ಸತ್ತಾಗಲೆಲ್ಲ ಅಂಟನ್ನೇ ಬೈಯುವುದೂ ಸರಿಯಲ್ಲ. ನಲ್ಲಿ ನೀರಿನ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಮೀನನ್ನು ಕೊಲ್ಲಬಲ್ಲದು. ಹೊಸ ತೊಟ್ಟಿಯಲ್ಲಿ ಮೀನಿನ ಕಸದಿಂದ ಅಮೋನಿಯಾ ದಿನದಿನಕ್ಕೆ ಏರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೆಲೆಯಾಗಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಹೊಸ ಉಪಕರಣವನ್ನು ಹೊಸ ತೊಟ್ಟಿಗೆ, ಹೊಸ ಮೀನಿನ ಜೊತೆ, ಒಂದೇ ದಿನ ಹಾಕಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ತೊಂದರೆ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಕೊನೆಗೆ, ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ಬರೆದುಕೊಳ್ಳಬೇಕಾದದ್ದು ಇಷ್ಟು:

ಗಾಜಿಗೆ ಗಾಜು: ಅಕ್ವೇರಿಯಂ ಎಂದು ಬರೆದ ಸಿಲಿಕೋನ್.
ಪಿವಿಸಿ ಪೈಪ್: ಒತ್ತಿ ಕೂರಿಸುವುದು, ಆಗದಿದ್ದರೆ ಸಲ್ಯೂಷನ್.
5ನೇ ಅಂಕಿಯ ಡಬ್ಬಿ: ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್.
ಕಲ್ಲಿಗೆ ಗಿಡ: ಸೂಪರ್ ಗ್ಲೂ ಜೆಲ್.
ಆ್ಯಂಟಿ ಫಂಗಲ್ ಎಂದು ಬರೆದದ್ದು: ಯಾವುದಕ್ಕೂ ಬೇಡ.

"ನೀರಿಗೆ ತಡೆಯೋ ಗಮ್" ಎಂದು ಕೇಳುವ ಬದಲು "ಅಕ್ವೇರಿಯಂ ಸಿಲಿಕೋನ್ ಐತೇನ್ರಿ?" ಎಂದು ಕೇಳಿ. ಕೊಟ್ಟ ಟ್ಯೂಬನ್ನು ತಿರುವಿ, ಹಿಂಬದಿಯನ್ನು ಓದಿ, ಆಮೇಲೆ ದುಡ್ಡು ಕೊಡಿ.